ರೂಮು ಕೊಡದ ಲಾಡ್ಜ್, ಜಾತಿ ಕೇಳದ ಅರ್ಜಿ

ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ‘ಇಲ್ಲಿ ಲಾಡ್ಜ್ ಎಲ್ಲಿದೆ?’ ಅಂತ ಕೇಳಿ ನೋಡಿ. ಆಟೋದವರು ನಿಮ್ಮ ಬ್ಯಾಗು ನೋಡ್ತಾರೆ, ಜೊತೆಗೆ ಯಾರಿದ್ದಾರೆ ನೋಡ್ತಾರೆ, ಆಮೇಲೆ ದಾರಿ ತೋರಿಸ್ತಾರೆ. ನಮ್ಮ ಕಡೆ ಲಾಡ್ಜ್ ಅಂದ್ರೆ ರೂಮು. ಮದುವೆಗೆ ಬಂದವರು, ಕೋರ್ಟಿಗೆ ಬಂದವರು, ಪರೀಕ್ಷೆ ಬರೆಯಲು ಬಂದವರು ಒಂದು ರಾತ್ರಿ ಮಲಗುವ ಜಾಗ. ಅದರಾಚೆಯ ಅರ್ಥ ಬೇಕಾದರೆ ಹೇಳುವವರು ಸ್ವಲ್ಪ ಧ್ವನಿ ತಗ್ಗಿಸ್ತಾರೆ.

ಅದಕ್ಕೇ ಗುಬ್ಬಿಯಲ್ಲಿ ನಮಗೆ ಪರಿಚಯದ ಒಬ್ಬ ನಿವೃತ್ತ ಮೇಷ್ಟ್ರು ‘ಭಾನುವಾರ ಬೆಂಗಳೂರಿನ ಲಾಡ್ಜಿಗೆ ಹೋಗಿದ್ದೆ’ ಅಂತ ಯಾವ ಸಂಕೋಚವೂ ಇಲ್ಲದೆ ಹೇಳಿದಾಗ ಬೀದಿಯವರು ಮುಖ ಮುಖ ನೋಡಿಕೊಂಡಿದ್ದರು. ಬಿಳಿ ಪಂಚೆ, ಕೈಯಲ್ಲೊಂದು ಬಟ್ಟೆ ಚೀಲ, ಚೀಲದಲ್ಲಿ ರಟ್ಟು ಕಿತ್ತುಹೋದ ಇಂಗ್ಲಿಷ್ ಪುಸ್ತಕ. ಮೇಷ್ಟ್ರು ಹೋಗ್ತಿದ್ದದ್ದು ಥಿಯಾಸಫಿಕಲ್ ಸೊಸೈಟಿಯ ಸಭೆಗೆ. ಕನ್ನಡದಲ್ಲಿ ಅದನ್ನು ಬ್ರಹ್ಮವಿದ್ಯಾ ಸಮಾಜ ಅಂತಾರೆ. ಅದರ ಊರೂರಿನ ಶಾಖೆಗಳಿಗೆ ಲಾಡ್ಜ್ ಅಂತಲೇ ಹೆಸರು.

2025ರ ನವೆಂಬರ್ 17ಕ್ಕೆ ಈ ಸೊಸೈಟಿಗೆ 150 ವರ್ಷ ತುಂಬಿತು. ಅದೇ ವರ್ಷದ ಜುಲೈನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಅದರ ವಿಶ್ವ ಸಮ್ಮೇಳನ ನಡೆಯಿತು. ನಮ್ಮ ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ಆಗಬೇಕಿತ್ತು ಅಂತ ನಾನು ಹಟ ಹಿಡಿಯುವುದೂ ಇಲ್ಲ. ಆದರೆ ‘ಭ್ರಾತೃತ್ವ’ ಅನ್ನುವ ಪದ ಸಂವಿಧಾನದ ಪೀಠಿಕೆಯಲ್ಲಿದೆ, ಶಾಲೆಯ ಗೋಡೆಯ ಮೇಲಿದೆ, ಗಣರಾಜ್ಯೋತ್ಸವದ ಭಾಷಣದಲ್ಲಿದೆ. ಅದನ್ನೇ ಮೊದಲ ಉದ್ದೇಶ ಅಂತ ಬರೆದುಕೊಂಡು ನೂರಾರು ಊರುಗಳಲ್ಲಿ ವಾರಕ್ಕೊಮ್ಮೆ ಕುರ್ಚಿ ಹಾಕಿಕೊಂಡು ಕೂತ ಸಂಘಟನೆಯೊಂದು ನಮ್ಮ ನಡುವೆಯೇ ಇದ್ದು, ಅದೇನು ಮಾಡಿತು, ಏನು ಮಾಡಲಿಲ್ಲ ಅನ್ನೋದು ಗೊತ್ತಿಲ್ಲದೇ ಹೋಗುವುದು ಸರಿಯಲ್ಲ. ಹಾಗಾಗಿ ಈ ಟಿಪ್ಪಣಿ.

ಮೊದಲು ಒಂದು ಗೊಂದಲ ಬಿಡಿಸೋಣ

‘ಲಾಡ್ಜ್’ ಅನ್ನುವ ಪದ ಬಂದದ್ದು ಕಲ್ಲುಕುಟಿಗರಿಂದ. ಮಧ್ಯಯುಗದ ಯುರೋಪಿನಲ್ಲಿ ಚರ್ಚು ಕಟ್ಟುವಾಗ ಕೆಲಸದ ಜಾಗದ ಪಕ್ಕದಲ್ಲೇ ಶಿಲ್ಪಿಗಳು ಒಂದು ಗುಡಾರ ಹಾಕಿಕೊಳ್ಳುತ್ತಿದ್ದರು. ಉಳಿ ಮಸೆಯುವುದು, ಊಟ, ಲೆಕ್ಕ, ಹೊಸ ಹುಡುಗರಿಗೆ ಪಾಠ, ಎಲ್ಲವೂ ಅಲ್ಲೇ. ಆ ಗುಡಾರಕ್ಕೆ ಲಾಡ್ಜ್ ಅಂತ ಹೆಸರು. ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಹೊರಟು ಗೂಳೂರಿನ ಹತ್ತಿರದ ಕೈದಾಳಕ್ಕೆ ಹೋದವರಿಗೆ ಇದು ಕಲ್ಪಿಸಿಕೊಳ್ಳಲು ಕಷ್ಟವಲ್ಲ. ಜಕಣಾಚಾರಿಯ ಕಥೆ ಹೇಳುವ ಆ ಚೆನ್ನಕೇಶವ ದೇವಸ್ಥಾನ ಕಟ್ಟುವಾಗಲೂ ಇಂಥದ್ದೇ ಒಂದು ಚಪ್ಪರ ಇದ್ದಿರಲೇಬೇಕು. ನಮ್ಮಲ್ಲಿ ಅದಕ್ಕೆ ಲಾಂಛನ, ಏಪ್ರನ್ನು, ದೀಕ್ಷೆ ಬರಲಿಲ್ಲ, ಅಷ್ಟೇ.

ಇಂಗ್ಲೆಂಡಿನಲ್ಲಿ ಬಂತು. 1717ರಲ್ಲಿ ಲಂಡನ್ನಿನಲ್ಲಿ ಕೆಲವು ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡವು ಅನ್ನೋದು ರೂಢಿಯ ಇತಿಹಾಸ. ಇದು ಫ್ರೀಮೇಸನ್‌ರಿ. ಕಲ್ಲು ಕಟೆಯುವವರ ಜಾಗಕ್ಕೆ ಶ್ರೀಮಂತರು, ವಕೀಲರು, ಸೇನಾಧಿಕಾರಿಗಳು ಬಂದರು. ಉಳಿ, ಮೂಲೆಮಟ್ಟ, ಕೈವಾರಗಳು ನೀತಿಯ ಸಂಕೇತಗಳಾದವು. ಈಸ್ಟ್ ಇಂಡಿಯಾ ಕಂಪನಿಯ ಹಿಂದೆಯೇ, 1730ರ ಸುಮಾರಿಗೆ, ಕಲ್ಕತ್ತಾಗೂ ಬಂತು. ಮೊದಮೊದಲು ಅದು ಬಿಳಿಯರ ಕೂಟ. ಪಾರ್ಸಿಗಳು, ಮುಸ್ಲಿಮರು, ಹಿಂದೂಗಳು ಒಬ್ಬೊಬ್ಬರಾಗಿ ಒಳಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. 1884ರಲ್ಲಿ ಕಲ್ಕತ್ತಾದಲ್ಲಿ ನರೇಂದ್ರನಾಥ ದತ್ತ, ಅಂದ್ರೆ ಮುಂದೆ ಸ್ವಾಮಿ ವಿವೇಕಾನಂದರಾದ ಯುವಕ, ಮೇಸನ್ ಆಗಿದ್ದರು. ಮೋತಿಲಾಲ್ ನೆಹರೂ ಕೂಡ. ಸ್ವತಂತ್ರ ಭಾರತಕ್ಕೆ ತನ್ನದೇ ಗ್ರ್ಯಾಂಡ್ ಲಾಡ್ಜ್ ಆಗಿದ್ದು 1961ರ ನವೆಂಬರ್ 24ರಂದು. ಬೆಂಗಳೂರಿನಲ್ಲೂ ಮೇಸನ್ನರಿದ್ದಾರೆ.

ಆದರೆ ಅಲ್ಲಿ ಸದಸ್ಯತ್ವ ಗಂಡಸರಿಗೆ ಮಾತ್ರ. ಬಾಗಿಲು ಮುಚ್ಚಿ ಸಭೆ, ಮೂರು ಹಂತದ ದೀಕ್ಷೆ, ಗುರುತಿನ ಕೈಕುಲುಕು. ರಾಜಕೀಯ ಮತ್ತು ಮತಧರ್ಮದ ಚರ್ಚೆ ಒಳಗೆ ನಿಷಿದ್ಧ. ಉತ್ತರ ಭಾರತದ ಎಷ್ಟೋ ಊರುಗಳಲ್ಲಿ ಮೇಸನ್ನರ ಕಟ್ಟಡವನ್ನು ಜನ ‘ಜಾದೂ ಘರ್’ ಅಂತ ಕರೆದದ್ದು ಸುಮ್ಮನೆ ಅಲ್ಲ. ಮುಚ್ಚಿದ ಬಾಗಿಲಿಗೆ ಹೊರಗಿನವರು ತಮಗೆ ಬೇಕಾದ ಕಥೆ ಬರೆದುಕೊಳ್ಳುತ್ತಾರೆ.

ಥಿಯಾಸಫಿಯವರು ಲಾಡ್ಜ್ ಅನ್ನುವ ಹೆಸರನ್ನು ಇದೇ ಪರಂಪರೆಯಿಂದ ಎರವಲು ಪಡೆದರು, ಬಾಗಿಲನ್ನು ಮಾತ್ರ ತೆರೆದಿಟ್ಟರು. ಅಲ್ಲಿ ಹೆಂಗಸರೂ ಸದಸ್ಯರು, ಅಧ್ಯಕ್ಷರು. ವಾರದ ಸಭೆಗೆ ಸದಸ್ಯರಲ್ಲದವರೂ ಬಂದು ಕೂರಬಹುದು. ವಾಟ್ಸಾಪಿನಲ್ಲಿ ‘ಇಲ್ಯುಮಿನಾಟಿ’ ವಿಡಿಯೋ ಕಳಿಸುವ ಗೆಳೆಯರು ಈ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟುತ್ತಾರೆ. ಎರಡೂ ಬೇರೆ.

ಜಾತಿ ಅನ್ನುವ ಪದ ಯಾವಾಗ ಬಂತು

1875ರಲ್ಲಿ ನ್ಯೂಯಾರ್ಕಿನಲ್ಲಿ ರಷ್ಯಾ ಮೂಲದ ಹೆಲೆನಾ ಬ್ಲಾವಟ್ಸ್ಕಿ, ಅಮೆರಿಕದ ಕರ್ನಲ್ ಹೆನ್ರಿ ಆಲ್ಕಾಟ್, ವಿಲಿಯಂ ಕ್ವಾನ್ ಜಡ್ಜ್ ಮತ್ತಿತರರು ಸೇರಿ ಸೊಸೈಟಿ ಕಟ್ಟಿದಾಗ ಅದರ ಉದ್ದೇಶದಲ್ಲಿ ಸೋದರತ್ವದ ಮಾತೇ ಇರಲಿಲ್ಲ. ವಿಶ್ವವನ್ನು ಆಳುವ ನಿಯಮಗಳ ಬಗ್ಗೆ ಜ್ಞಾನ ಸಂಗ್ರಹಿಸಿ ಹಂಚುವುದು, ಇಷ್ಟೇ ಇತ್ತು. ಪ್ರೇತ, ಪವಾಡ, ಪ್ರಾಚೀನ ವಿದ್ಯೆಗಳ ಕುತೂಹಲ ಆ ಕಾಲದ ಅಮೆರಿಕದಲ್ಲಿ ಜೋರಾಗಿತ್ತು. ಇದೂ ಅದರ ಒಂದು ಕೊಂಬೆ.

1879ರ ಫೆಬ್ರವರಿಯಲ್ಲಿ ಬ್ಲಾವಟ್ಸ್ಕಿ ಮತ್ತು ಆಲ್ಕಾಟ್ ಮುಂಬಯಿಗೆ ಬಂದಿಳಿದರು. 1882ರ ಕೊನೆಗೆ ಮದ್ರಾಸಿನ ಅಡ್ಯಾರ್ ನದಿ ದಂಡೆಯಲ್ಲಿ ಜಾಗ ಕೊಂಡು ಕೇಂದ್ರ ಕಚೇರಿ ಮಾಡಿದರು. ಇವತ್ತಿಗೂ ಅದೇ ಕೇಂದ್ರ. ಉದ್ದೇಶಗಳ ಪಟ್ಟಿಯನ್ನು ಮತ್ತೆ ಮತ್ತೆ ತಿದ್ದಿ, 1896ಕ್ಕೆ ಈಗಿರುವ ರೂಪಕ್ಕೆ ತಂದರು. ಅದರ ಸಾರ ಹೀಗಿದೆ: ಕುಲ, ಮತ, ಲಿಂಗ, ಜಾತಿ, ಬಣ್ಣ ಎಣಿಸದ ಮಾನವಕುಲದ ವಿಶ್ವಭ್ರಾತೃತ್ವಕ್ಕೆ ಒಂದು ತಿರುಳು ಕಟ್ಟುವುದು ಮೊದಲನೆಯದು. ಧರ್ಮ, ತತ್ತ್ವಶಾಸ್ತ್ರ, ವಿಜ್ಞಾನಗಳ ತುಲನಾತ್ಮಕ ಅಧ್ಯಯನ ಎರಡನೆಯದು. ಪ್ರಕೃತಿಯ ಇನ್ನೂ ವಿವರಿಸಲಾಗದ ನಿಯಮಗಳನ್ನು, ಮನುಷ್ಯನಲ್ಲಿ ಅಡಗಿರುವ ಶಕ್ತಿಗಳನ್ನು ಶೋಧಿಸುವುದು ಮೂರನೆಯದು.

ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ‘ಜಾತಿ’ ಅನ್ನುವ ಒಂದು ಪದ. ನ್ಯೂಯಾರ್ಕಿನ ಕಾಗದದಲ್ಲಿ ಅದಿರಲಿಲ್ಲ. ಹಡಗು ಹತ್ತಿ ಇಲ್ಲಿಗೆ ಬಂದು, ಇಲ್ಲಿನ ಊಟದ ಪಂಕ್ತಿಗಳನ್ನು ನೋಡಿದ ಮೇಲೆ ಸೇರಿತು.

‘ತಿರುಳು’ ಅಂದದ್ದನ್ನೂ ಗಮನಿಸಿ. ಇಡೀ ಜಗತ್ತನ್ನು ಸೋದರರನ್ನಾಗಿ ಮಾಡುತ್ತೇವೆ ಅಂತ ಅವರು ಹೇಳಲಿಲ್ಲ. ಸಣ್ಣದೊಂದು ಗುಂಪು ಹಾಗೆ ಬದುಕಿ ತೋರಿಸುತ್ತದೆ, ಸುತ್ತ ಬೆಳೆಯುವುದು ಬೆಳೆಯಲಿ ಅಂತ. ಎಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಪ್ರೋಟೋಟೈಪ್. ಪ್ರೋಟೋಟೈಪ್‌ನ ತೊಂದರೆ ಏನು ಅನ್ನೋದೂ ಎಂಜಿನಿಯರುಗಳಿಗೆ ಗೊತ್ತು: ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ.

ಒಂದು ಲಾಡ್ಜ್ ನಡೆಯುವುದು ಹೇಗೆ

ಏಳು ಜನ ಸದಸ್ಯರು ಸಹಿ ಹಾಕಿ ಅರ್ಜಿ ಕೊಟ್ಟರೆ ಲಾಡ್ಜಿಗೆ ಸನ್ನದು ಸಿಗುತ್ತದೆ. ಅಷ್ಟು ಜನ ಇಲ್ಲದ ಕಡೆ ಅಧ್ಯಯನ ಕೇಂದ್ರ. ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾಂಚಿ, ಒಂದು ಬೀರು ಪುಸ್ತಕ. ಲಾಡ್ಜುಗಳ ಮೇಲೆ ರಾಜ್ಯದ ಫೆಡರೇಷನ್. ನಮ್ಮದು ಕರ್ನಾಟಕ ಥಿಯಾಸಫಿಕಲ್ ಫೆಡರೇಷನ್. ಅದರ ಮೇಲೆ ವಾರಾಣಸಿಯಲ್ಲಿರುವ ಭಾರತೀಯ ವಿಭಾಗ, ಅದರ ಮೇಲೆ ಅಡ್ಯಾರ್.

ಸೇರುವವರು ಮೂರು ಉದ್ದೇಶಗಳ ಬಗ್ಗೆ ಸಹಾನುಭೂತಿ ಇದೆ ಅಂತ ಒಪ್ಪಿದರೆ ಸಾಕು. ತಮ್ಮ ಧರ್ಮ ಬಿಡಬೇಕಿಲ್ಲ, ಬ್ಲಾವಟ್ಸ್ಕಿ ಬರೆದದ್ದನ್ನು ನಂಬಬೇಕಿಲ್ಲ. 1924ರ ಡಿಸೆಂಬರಿನಲ್ಲಿ ಸೊಸೈಟಿಯ ಸಾಮಾನ್ಯ ಪರಿಷತ್ತು ಇದನ್ನು ನಿರ್ಣಯವಾಗಿಯೇ ಬರೆದಿಟ್ಟಿತು: ಯಾವ ಬೋಧನೆಯೂ, ಯಾವ ಬರಹಗಾರರೂ ಸದಸ್ಯರ ಮೇಲೆ ಕಡ್ಡಾಯವಲ್ಲ. ತಿರಸ್ಕರಿಸುವ ಹಕ್ಕೂ ಸದಸ್ಯನಿಗಿದೆ.

ವಾರದ ಸಭೆ ಹೇಗಿರುತ್ತೆ ಅಂತ ನಾನು ಮೇಷ್ಟ್ರನ್ನು ಒಮ್ಮೆ ಕೇಳಿದ್ದೆ.

‘ಏನಿರುತ್ತಪ್ಪಾ, ಒಬ್ರು ಒಂದು ಪುಟ ಓದ್ತಾರೆ. ಇನ್ನೊಬ್ರು ಅದು ಹಾಗಲ್ಲ ಅಂತಾರೆ. ಆರೂವರೆಗೆ ಶುರುವಾದ್ರೆ ಎಂಟಕ್ಕೆ ಮುಗೀತು. ಆಮೇಲೆ ಕಾಫಿ.’

‘ಅಷ್ಟೇನಾ ಮೇಷ್ಟ್ರೇ?’

‘ಅಷ್ಟೇ. ಆದ್ರೆ ಹಾಗಲ್ಲ ಅಂದೋರು ಮುಂದಿನ ವಾರಾನೂ ಬರ್ತಾರಲ್ಲ, ಅದು ನೋಡು.’

ಓದುವ ಪುಸ್ತಕಗಳು ಹೆಚ್ಚಾಗಿ ಹಳೆಯವು: ಬ್ಲಾವಟ್ಸ್ಕಿಯ 1889ರ ‘ದಿ ಕೀ ಟು ಥಿಯಾಸಫಿ’, ಹುಡುಗ ಕೃಷ್ಣಮೂರ್ತಿಯ ಹೆಸರಿನಲ್ಲಿ 1910ರಲ್ಲಿ ಬಂದ ‘ಅಟ್ ದಿ ಫೀಟ್ ಆಫ್ ದಿ ಮಾಸ್ಟರ್’. ಜೊತೆಗೆ ಗೀತೆ, ಉಪನಿಷತ್ತು, ಬೌದ್ಧ ಗ್ರಂಥಗಳು. ವರ್ಷದಲ್ಲಿ ಕೆಲವು ದಿನಗಳನ್ನು ಎಲ್ಲ ಲಾಡ್ಜುಗಳೂ ಆಚರಿಸುತ್ತವೆ. ಮೇ 8, ಬ್ಲಾವಟ್ಸ್ಕಿ 1891ರಲ್ಲಿ ತೀರಿಕೊಂಡ ದಿನ. ಅದನ್ನು ಶ್ವೇತ ಕಮಲ ದಿನ ಅಂತಾರೆ. ಫೆಬ್ರವರಿ 17 ಅಡ್ಯಾರ್ ದಿನ. ಆಲ್ಕಾಟ್ 1907ರಲ್ಲಿ ತೀರಿಕೊಂಡದ್ದೂ, ಜೋರ್ಡಾನೊ ಬ್ರೂನೊನನ್ನು 1600ರಲ್ಲಿ ರೋಮಿನಲ್ಲಿ ಸುಟ್ಟದ್ದೂ ಅಂದೇ. ಅಕ್ಟೋಬರ್ 1 ಆನಿ ಬೆಸೆಂಟರ ಹುಟ್ಟುಹಬ್ಬ. ನವೆಂಬರ್ 17 ಸ್ಥಾಪನಾ ದಿನ. ಅಡ್ಯಾರಿನ ವಾರ್ಷಿಕ ಅಧಿವೇಶನ ಎಲ್ಲ ಧರ್ಮಗಳ ಪ್ರಾರ್ಥನೆಯಿಂದ ಶುರುವಾಗುತ್ತದೆ. ಆವರಣದೊಳಗೆ ಹಿಂದೂ ಗುಡಿ, ಬೌದ್ಧ ಮಂದಿರ, ಚರ್ಚು, ಮಸೀದಿ, ಪಾರ್ಸಿ ಮಂದಿರ ಎಲ್ಲವೂ ಇವೆ. ಸೇವಾ ಕೆಲಸಕ್ಕೆ ಬೆಸೆಂಟ್ 1908ರಲ್ಲಿ ಶುರು ಮಾಡಿದ ಥಿಯಾಸಫಿಕಲ್ ಆರ್ಡರ್ ಆಫ್ ಸರ್ವಿಸ್ ಅನ್ನುವ ಬೇರೆಯೇ ಅಂಗವಿದೆ. ಮಕ್ಕಳಿಗೆ ಪುಸ್ತಕ, ಆರೋಗ್ಯ ತಪಾಸಣೆ, ಪ್ರಾಣಿದಯೆ, ಇಂಥವು ಅದರ ಪಾಲಿಗೆ ಬರುತ್ತವೆ. ಕೊರೊನಾ ಬಂದ ಮೇಲೆ ಜೂಮ್ ಸಭೆಗಳೂ ಸೇರಿಕೊಂಡವು. ಮೊಣಕಾಲು ನೋವಿನ ಹಿರಿಯರಿಗೆ ಇದರಿಂದ ಅನುಕೂಲ. ಕಾಫಿ ಮಾತ್ರ ಹೋಯಿತು.

ರೈಲು, ನಾಟಕ, ಉಪನ್ಯಾಸ

ಆಲ್ಕಾಟ್ 1886ರಲ್ಲಿ ಬೆಂಗಳೂರಿಗೆ ಬಂದು ಉಪನ್ಯಾಸ ಕೊಟ್ಟರು. ದಂಡು ಪ್ರದೇಶದಲ್ಲೂ ಪೇಟೆಯಲ್ಲೂ ಲಾಡ್ಜುಗಳು ಹುಟ್ಟಿದ್ದು ಆ ಹೊತ್ತಿಗೇ. ಬೆಂಗಳೂರಿನಿಂದ ತುಮಕೂರು, ಗುಬ್ಬಿ ಕಡೆಗೆ ರೈಲು ಹಾಕಿದ್ದೂ ಅದೇ 1880ರ ದಶಕದಲ್ಲಿ. (ಕುಣಿಗಲ್ಲಿನವರು ರೈಲು ನೋಡಲು 2017ರವರೆಗೆ ಕಾಯಬೇಕಾಯಿತು, ಕುದುರೆ ಫಾರಂ ಇದ್ದ ಊರಿಗೆ ರೈಲು ಯಾಕೆ ಅಂದುಕೊಂಡರೋ ಏನೋ.) ಮೈಸೂರು ಸಂಸ್ಥಾನದ ಸಣ್ಣ ಊರುಗಳಲ್ಲಿ ಮುನ್ಸೀಫರು, ವಕೀಲರು, ಹೈಸ್ಕೂಲ್ ಮೇಷ್ಟ್ರುಗಳು, ಅಮಲ್ದಾರರು ಅನ್ನುವ ಹೊಸ ವರ್ಗವೊಂದು ಕಾಣಿಸಿಕೊಂಡದ್ದು ಆ ಕಾಲದಲ್ಲಿ. ಇಂಗ್ಲಿಷ್ ಬಲ್ಲವರು, ವರ್ಗವಾಗಿ ಬಂದವರು, ಸಂಜೆ ಹೊತ್ತು ಕಳೆಯಲು ಸ್ವಂತ ಜಾತಿಯ ಜಗುಲಿ ಇಲ್ಲದವರು. ಲಾಡ್ಜಿನಂಥ ಜಾಗ ಬೇಕಾಗಿದ್ದದ್ದು ಇವರಿಗೇ.

ಅದೇ ದಶಕದಲ್ಲಿ, 1884ರಲ್ಲಿ, ಗುಬ್ಬಿಯಲ್ಲಿ ಊರಿನವರೇ ಕೂಡಿ ಚನ್ನಬಸವೇಶ್ವರ ನಾಟಕ ಸಂಘ ಕಟ್ಟಿದರು. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಅದು ಕನ್ನಡದ ದೊಡ್ಡ ನಾಟಕ ಕಂಪನಿ ಆಯಿತು. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಅದರಲ್ಲಿದ್ದರು, ರಾಜ್‌ಕುಮಾರ್ ಅಲ್ಲೇ ಬೆಳೆದರು. ಓಡಿಬಂದು ಸೇರಿದ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರು ಬನಾರಸಿಗೆ ಓದಲು ಕಳಿಸಿದರು. ಭ್ರಾತೃತ್ವ ಅನ್ನುವ ಪದವನ್ನು ಆ ಕಂಪನಿ ಯಾವ ಕಾಗದದಲ್ಲಿ ಬರೆದಿತ್ತೋ ಇಲ್ಲವೋ, ಬೇರೆ ಬೇರೆ ಕುಲದ ನೂರಾರು ಮಂದಿ ಒಂದೇ ಬಿಡಾರದಲ್ಲಿ ವರ್ಷಗಟ್ಟಲೆ ಬದುಕಿದರು. ಲಾಡ್ಜಿನವರು ಒಂದೂವರೆ ಗಂಟೆ ಜೊತೆಗೆ ಕೂತು ಮನೆಗೆ ಹೋಗುತ್ತಿದ್ದರು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡುವುದು ಅನ್ಯಾಯ ಅಂತ ಮೇಷ್ಟ್ರು ಇದ್ದಿದ್ದರೆ ಹೇಳುತ್ತಿದ್ದರು. ಸ್ವಲ್ಪ ಅನ್ಯಾಯವೇ, ಒಪ್ಪುತ್ತೇನೆ.

ಕರ್ನಾಟಕದಲ್ಲಿ ಥಿಯಾಸಫಿ ಬಿಟ್ಟುಹೋದ ಗಟ್ಟಿ ಗುರುತುಗಳು ಶಾಲೆಗಳು. 1917ರಲ್ಲಿ ಬೆಸೆಂಟರ ಪ್ರೇರಣೆಯಿಂದ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲ್ ಶುರುವಾಯಿತು. 1918ರಲ್ಲಿ ಮಂಗಳೂರಿನಲ್ಲಿ ಅವರ ಹೆಸರಿನ ಹೆಣ್ಣುಮಕ್ಕಳ ಶಾಲೆ. ನ್ಯಾಷನಲ್‌ನಲ್ಲಿ ಓದಿ ಅಲ್ಲೇ ಮೇಷ್ಟ್ರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಅದೃಶ್ಯ ಗುರುಗಳಿಂದ ಪತ್ರ ಬರುತ್ತಿದೆ ಅಂತ ಹೇಳಿಕೊಂಡ ಬ್ಲಾವಟ್ಸ್ಕಿಯ ಪರಂಪರೆಯ ಶಾಲೆಯಿಂದ ಪವಾಡಕ್ಕೆ ಸಾಕ್ಷಿ ಕೇಳುವ ಮೇಷ್ಟ್ರು ಬಂದರು. ಆ ಪತ್ರಗಳ ಬಗ್ಗೆ 1885ರಲ್ಲೇ ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ತನಿಖೆ ಮಾಡಿ ಬ್ಲಾವಟ್ಸ್ಕಿಯನ್ನು ಮೋಸಗಾರ್ತಿ ಅಂತ ಕರೆದಿತ್ತು. ನೂರು ವರ್ಷದ ನಂತರ ಅದೇ ಸಂಸ್ಥೆಯ ಪತ್ರಿಕೆಯಲ್ಲಿ ಆ ತನಿಖೆಯೇ ದೋಷಪೂರ್ಣ ಅಂತ ವಿಮರ್ಶೆ ಬಂತು. ಈ ಜಗಳ ಇಲ್ಲಿಗೆ ಬೇಡ. ನನ್ನ ಆಸಕ್ತಿ ಮೂರನೇ ಉದ್ದೇಶದಲ್ಲಿಲ್ಲ, ಮೊದಲನೆಯದರಲ್ಲಿದೆ.

ಸೋದರತ್ವದ ಪರೀಕ್ಷೆ

ಆ ಪರೀಕ್ಷೆಯಲ್ಲಿ ಸೊಸೈಟಿಯ ಅಂಕಪಟ್ಟಿ ಏರುಪೇರು. ಆಲ್ಕಾಟ್ 1894ರಲ್ಲಿ ಅಡ್ಯಾರಿನ ಬಳಿ ಆಗ ‘ಪಂಚಮರು’ ಅಂತ ಕರೆಸಿಕೊಳ್ಳುತ್ತಿದ್ದ ಮಕ್ಕಳಿಗೆ ಉಚಿತ ಶಾಲೆ ತೆರೆದರು. ಹಳ್ಳಿಯ ದಲಿತ ಮಗು ಅಕ್ಷರ ಕಲಿಯುವುದೇ ಅಪರಾಧ ಅನ್ನುವ ವಾತಾವರಣದಲ್ಲಿ ಇದು ದೊಡ್ಡ ಕೆಲಸ. ಆಲ್ಕಾಟ್ ಹೆಸರಿನ ಶಾಲೆ ಅಲ್ಲಿ ಈಗಲೂ ಬಡ ಮಕ್ಕಳಿಗೆ ಉಚಿತವಾಗಿ ಕಲಿಸುತ್ತಿದೆ.

ಅವರ ನಂತರ ಅಧ್ಯಕ್ಷರಾದ ಬೆಸೆಂಟ್, ಹೋಂ ರೂಲ್ ಚಳವಳಿ ಕಟ್ಟಿದ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಬೆಸೆಂಟ್, 1909ರಲ್ಲಿ ಶೋಷಿತ ವರ್ಗಗಳ ಏಳಿಗೆಯ ಬಗ್ಗೆ ಒಂದು ಲೇಖನ ಬರೆದರು. ಆ ಮಕ್ಕಳಿಗೆ ಶಿಕ್ಷಣ ಬೇಕು ಅಂದರು. ಆದರೆ ಮೇಲ್ಜಾತಿಯ ಮಕ್ಕಳ ಜೊತೆ ಒಂದೇ ಶಾಲೆಯಲ್ಲಿ ಕೂರಿಸಬಾರದು, ಅವರ ದೇಹ ಮತ್ತು ನಡವಳಿಕೆ ಶುದ್ಧವಾಗಲು ಕೆಲವು ತಲೆಮಾರು ಬೇಕು ಅನ್ನುವ ಅರ್ಥದಲ್ಲಿ ವಾದಿಸಿದರು. ಅಂಬೇಡ್ಕರ್ 1945ರ ತಮ್ಮ ಪುಸ್ತಕದಲ್ಲಿ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಅಂತ ಕೇಳುವ ಪುಸ್ತಕದಲ್ಲಿ, ಈ ಲೇಖನವನ್ನು ಉದ್ದಕ್ಕೂ ಎತ್ತಿ ಹಾಕಿದ್ದಾರೆ. ಓದಿದರೆ ಮೈ ಜುಮ್ಮೆನ್ನುತ್ತೆ. ಜಾತಿ ಎಣಿಸದ ಸೋದರತ್ವವನ್ನು ಮೊದಲ ಉದ್ದೇಶವಾಗಿ ಬರೆದುಕೊಂಡ ಸಂಘದ ಅಧ್ಯಕ್ಷೆಯ ಮಾತದು. ಸೋದರರಲ್ಲೂ ಹಿರಿಯರು ಕಿರಿಯರು ಇರುತ್ತಾರೆ, ಕಿರಿಯರು ಕಾಯಬೇಕು ಅನ್ನುವ ತರ್ಕ ಅವರಿಗೆ ಸಹಜವಾಗಿ ಬಂದಿತ್ತು. ‘ಅಣ್ಣ-ತಮ್ಮ’ ಅನ್ನುವ ಹೋಲಿಕೆಯಲ್ಲೇ ಈ ಅಪಾಯ ಇದೆ ಅಂತ ನನಗನ್ನಿಸುತ್ತದೆ. ನಮ್ಮ ಮನೆಗಳಲ್ಲಿ ತಮ್ಮನಿಗೆ ಪಾಲು ಸಿಗುವುದು ಅಣ್ಣ ಕೊಟ್ಟಾಗ.

ಇನ್ನೊಂದು ಕಡೆ ಬಿ.ಪಿ. ವಾಡಿಯಾ ಇದ್ದಾರೆ. 1917ರಲ್ಲಿ ಬೆಸೆಂಟ್ ಮತ್ತು ಅರುಂಡೇಲ್ ಜೊತೆ ಬಂಧನಕ್ಕೊಳಗಾದ ಪಾರ್ಸಿ ಯುವಕ. 1918ರ ಏಪ್ರಿಲ್‌ನಲ್ಲಿ ಮದ್ರಾಸಿನ ಗಿರಣಿ ಕಾರ್ಮಿಕರನ್ನು ಸೇರಿಸಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದವರಲ್ಲಿ ಮುಖ್ಯರು. ಸೋದರತ್ವ ಅಂದ್ರೆ ಊಟದ ಬಿಡುವು, ಕೂಲಿ, ಹೊಡೆತ ತಪ್ಪಿಸುವುದು ಅಂತ ಲಾಡ್ಜಿನಿಂದ ಹೊರಬಂದು ಅರ್ಥ ಮಾಡಿಕೊಂಡವರು. 1922ರಲ್ಲಿ ಅವರು ಅಡ್ಯಾರ್ ಸೊಸೈಟಿ ಬಿಟ್ಟು ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್ ಸೇರಿದರು. ಅವರೂ ಪತ್ನಿ ಸೋಫಿಯಾ ವಾಡಿಯಾ ಅವರೂ ಸೇರಿ 1945ರಲ್ಲಿ ಕಟ್ಟಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಬೆಂಗಳೂರಿನ ಬಸವನಗುಡಿಯಲ್ಲಿದೆ. ಮುಂದಿನ ರಸ್ತೆಗೆ ವಾಡಿಯಾ ಹೆಸರೇ ಇದೆ. ಉಚಿತ ಉಪನ್ಯಾಸ, ಗ್ರಂಥಾಲಯ, ಸಂಗೀತ. ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ನಾನೂ ಅಲ್ಲಿ ಕೂತು ಪತ್ರಿಕೆ ಓದಿದ್ದೇನೆ. ಯಾರೂ ಏನೂ ಕೇಳಲಿಲ್ಲ.

ಒಡಕುಗಳೂ ಕಡಿಮೆಯಿಲ್ಲ. 1895ರಲ್ಲಿ ಜಡ್ಜ್ ಜೊತೆ ಅಮೆರಿಕದ ದೊಡ್ಡ ಭಾಗ ಬೇರೆಯಾಯಿತು. 1929ರ ಆಗಸ್ಟ್‌ನಲ್ಲಿ ಜಿಡ್ಡು ಕೃಷ್ಣಮೂರ್ತಿ, ಸೊಸೈಟಿಯ ನಾಯಕರು ಜಗದ್ಗುರು ಅಂತ ಬೆಳೆಸಿದ್ದ ಮದನಪಲ್ಲಿಯ ಹುಡುಗ, ತನಗಾಗಿ ಕಟ್ಟಿದ ಸಂಘವನ್ನೇ ವಿಸರ್ಜಿಸಿ ಎದ್ದು ಹೋದರು. ವಿಶ್ವದ ಸೋದರರು ಪಾಲಿಗೆ ಬಿದ್ದರೆ ಎಷ್ಟು ಖಾತೆ ಆಗಬಹುದೋ ಅಷ್ಟಾದವು.

ಪಕ್ಕದ ಮನೆಯ ಸೋದರತ್ವಗಳು

ಇದನ್ನೆಲ್ಲ ಬರೆಯುವಾಗ ನನಗೆ ನೆನಪಾಗುವುದು ತುಮಕೂರಿನಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷ ಗೆಳೆಯನ ಜೊತೆ ರೂಮು ಹುಡುಕಿದ್ದು. ಮನೆ ತೋರಿಸಿದರು, ನೀರು ಯಾವಾಗ ಬರುತ್ತೆ ಹೇಳಿದರು, ಅಡ್ವಾನ್ಸ್ ಹೇಳಿದರು. ಕೊನೆಗೆ ಬಾಗಿಲ ಹತ್ತಿರ ನಿಂತು ‘ನೀವ್ ಯಾವ ಜನ?’ ನಾನು ಹೇಳಿದೆ. ಗೆಳೆಯನೂ ಹೇಳಿದ. ‘ನಮ್ಮ ಮನೆಯವರನ್ನ ಒಂದ್ ಮಾತು ಕೇಳಿ ಹೇಳ್ತೀನಿ’ ಅಂದರು. ಫೋನು ಬರಲಿಲ್ಲ. ಮೂರನೇ ಮನೆಯ ಹೊತ್ತಿಗೆ ಗೆಳೆಯ, ‘ನೀನೊಬ್ಬನೇ ಹೋಗಿ ಕೇಳು, ನಾನು ಇಲ್ಲೇ ಟೀ ಅಂಗಡೀಲಿ ಇರ್ತೀನಿ’ ಅಂದ. ನಾನು ಹೋದೆ. ಇವತ್ತಿಗೂ ಆ ದಿನ ನಾನು ಹೋಗಬಾರದಿತ್ತು ಅನ್ನಿಸುತ್ತೆ. ಆಗ ಅನ್ನಿಸಲಿಲ್ಲ, ಮನೆ ಬೇಕಿತ್ತು.

ನಮ್ಮ ಊರುಗಳಲ್ಲಿ ಸೋದರತ್ವ ಇಲ್ಲ ಅಂತಲ್ಲ. ಬೇಕಾದಷ್ಟಿದೆ, ಬೇಲಿ ಸಮೇತ. ಅಖಿಲ ಭಾರತ ವೀರಶೈವ ಮಹಾಸಭೆ ಹುಟ್ಟಿದ್ದು 1904ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ. ಲಾಡ್ಜುಗಳು ಬ್ರಹ್ಮವಿದ್ಯೆ ಓದುತ್ತಿದ್ದ ಕಾಲದಲ್ಲೇ ಈ ಸಂಘಗಳು ತಮ್ಮ ಜನರಿಂದ ಹಣ ಎತ್ತಿ ಹಾಸ್ಟೆಲ್ ಕಟ್ಟಿಸಿದವು, ಸ್ಕಾಲರ್‌ಶಿಪ್ ಕೊಟ್ಟವು. ಸಂಸ್ಥಾನದ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಜಾಗ ಬೇಕು ಅನ್ನುವ ಕೂಗಿಗೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಹಳ್ಳಿಯಿಂದ ಬಂದ ರೈತನ ಮಗನಿಗೆ ಊಟ ಹಾಕಿ ಹೈಸ್ಕೂಲು ಮುಗಿಸುವಂತೆ ಮಾಡಿದ್ದು ಎಲ್ಲರೂ ಒಂದೇ ಅನ್ನುವ ಲಾಡ್ಜಲ್ಲ. ನಮ್ಮವರು ಅನ್ನುವ ಸಂಘ. ಲಾಡ್ಜು ಒಂದು ಬೀರು ಪುಸ್ತಕ ಬಿಟ್ಟುಹೋಯಿತು, ಸಂಘ ಒಂದು ಕಟ್ಟಡ ಬಿಟ್ಟುಹೋಯಿತು. ಇದನ್ನು ಮರೆತು ಜಾತಿ ಸಂಘಗಳನ್ನು ಬೈಯುವುದು ಸುಲಭ. ಹಾಗೆ ಬೈಯುವವರಲ್ಲಿ ಅನೇಕರಿಗೆ ಯಾವ ಹಾಸ್ಟೆಲಿನ ಊಟವೂ ಬೇಕಾಗಿರಲಿಲ್ಲ. ಅದೇ ಸಂಘಗಳು ಇವತ್ತು ಟಿಕೆಟ್ ಹಂಚಿಕೆಯ ಲೆಕ್ಕಪತ್ರಗಳಾಗಿರುವುದೂ ನಿಜ.

ಮೂರನೆಯದೊಂದು ದಾರಿ ತುಮಕೂರಿನಲ್ಲೇ ಇದೆ. 1917ರಲ್ಲಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಶುರುವಾದ ವರ್ಷವೇ, ಸಿದ್ಧಗಂಗೆಯಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. ಮುಂದೆ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅದರ ಜೊತೆಗೆ ಉಚಿತ ಊಟ, ವಸತಿ ಬೆಳೆದು, ಸಾವಿರಾರು ಮಕ್ಕಳು ಜಾತಿ-ಮತದ ಲೆಕ್ಕವಿಲ್ಲದೆ ಒಟ್ಟಿಗೆ ಕೂತು ಉಂಡರು. ಮಠ ಒಂದು ಸಮುದಾಯದ್ದು, ಪಂಕ್ತಿ ಎಲ್ಲರದು. 2019ರ ಜನವರಿ 21ರಂದು ಸ್ವಾಮಿಗಳು ತೀರಿಕೊಂಡಾಗ ಬಂದ ಜನಸಾಗರದಲ್ಲಿ ಟೋಪಿ ಹಾಕಿದವರೂ, ಶಿಲುಬೆ ಧರಿಸಿದವರೂ ಇದ್ದದ್ದು ಆ ಪಂಕ್ತಿಯಿಂದಾಗಿಯೇ. ಥಿಯಾಸಫಿಯವರು ಎಲ್ಲ ಧರ್ಮಗಳ ಪ್ರಾರ್ಥನೆ ಹೇಳಿಸಿದರು, ಮಠ ಅನ್ನ ಹಾಕಿತು. ಎರಡರಲ್ಲಿ ಯಾವುದು ದೊಡ್ಡದು ಅಂತ ಹಸಿದವನನ್ನು ಕೇಳಿದರೆ ಉತ್ತರ ಒಂದೇ. ಆದರೆ ಹಸಿವು ತೀರಿದ ಮೇಲೂ, ನೌಕರಿ ಸಿಕ್ಕ ಮೇಲೂ, ಸ್ವಂತ ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಹೊತ್ತಿಗೆ ‘ಯಾವ ಜನ’ ಅಂತ ಕೇಳುತ್ತೇವಲ್ಲ, ಆ ಪ್ರಶ್ನೆಯನ್ನು ಯಾವ ಪಂಕ್ತಿಯೂ ಬಿಡಿಸಿಲ್ಲ.

ಇವತ್ತಿನ ಲಾಡ್ಜು

ಈಗಿನ ಅಂತರರಾಷ್ಟ್ರೀಯ ಅಧ್ಯಕ್ಷರು ಟಿಮ್ ಬಾಯ್ಡ್. 2014ರಿಂದ ಇದ್ದಾರೆ, ಅಮೆರಿಕದ ಕರಿಯ ಸಮುದಾಯದವರು. ಬಣ್ಣ ಎಣಿಸುವುದಿಲ್ಲ ಅಂತ ಬರೆದುಕೊಂಡ ಸಂಘಕ್ಕೆ ಇದು ಸಣ್ಣ ವಿಷಯವಲ್ಲ. ಭಾರತದ ಲಾಡ್ಜುಗಳ ದೊಡ್ಡ ಚಿಂತೆ ವಯಸ್ಸು. ನಾನು ಹೋಗಿ ಕೂತ ಸಭೆಯಲ್ಲಿ ನನ್ನನ್ನು ಬಿಟ್ಟರೆ ನಲವತ್ತರ ಕೆಳಗಿನವರು ಒಬ್ಬರೂ ಇರಲಿಲ್ಲ. ಓದುತ್ತಿದ್ದ ಪುಸ್ತಕ ಇಂಗ್ಲಿಷಿನದು, ವಾಕ್ಯಗಳು ಅರ್ಧ ಪುಟ ಉದ್ದ. ಕನ್ನಡದಲ್ಲಿ ಚರ್ಚೆ ಶುರುವಾದ ಮೇಲಷ್ಟೇ ಕೋಣೆಗೆ ಜೀವ ಬಂತು. ಅಡ್ಯಾರಿನ ನೆರಳಿನಿಂದ ಆಚೆ ಬಂದು ಕನ್ನಡದಲ್ಲಿ, ಕನ್ನಡದ ವಚನ, ತತ್ತ್ವಪದಗಳ ಜೊತೆಗೆ ಇಟ್ಟು ಓದಿದ್ದರೆ ಈ ಲಾಡ್ಜುಗಳಿಗೆ ಗುಬ್ಬಿ, ಕುಣಿಗಲ್ಲಿನಂಥ ಊರುಗಳಲ್ಲಿ ಬೇರೆಯೇ ಬೇರು ಇಳಿಯುತ್ತಿತ್ತೇನೋ. ಕುಣಿಗಲ್ ತಾಲೂಕಿನಲ್ಲಿರುವ ಎಡೆಯೂರು, ತೋಂಟದ ಸಿದ್ಧಲಿಂಗರ ಗದ್ದುಗೆ. ಅಂಥ ಗದ್ದುಗೆಯ ಮುಂದೆ ಎಲ್ಲ ಜಾತಿಯವರೂ ಹರಕೆ ಹೊತ್ತು ನಿಲ್ಲುವ ಸೀಮೆಗೆ ವಿಶ್ವಭ್ರಾತೃತ್ವವನ್ನು ಇಂಗ್ಲಿಷಿನಲ್ಲಿ ಪರಿಚಯಿಸಿದ್ದು ಸ್ವಲ್ಪ ದುಬಾರಿ ಆಮದು.

ಆದರೂ ಆ ಸಂಜೆಯ ಒಂದು ವಿಷಯ ಮನಸ್ಸಿನಲ್ಲಿ ಉಳಿಯಿತು. ಒಂದು ವಾಕ್ಯದ ಬಗ್ಗೆ ಇಬ್ಬರು ಹಿರಿಯರಿಗೆ ಜೋರು ವಾದ ಹತ್ತಿತು. ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಇನ್ನೊಬ್ಬರು ಲೈನ್‌ಮನ್ ಆಗಿ ನಿವೃತ್ತರಾದವರು. ಲೈನ್‌ಮನ್ ಬಿಡಲಿಲ್ಲ. ‘ನೀವು ಹೇಳಿದ್ದು ಪುಸ್ತಕದಲ್ಲಿಲ್ಲ ಸಾರ್, ಓದಿ’ ಅಂದರು. ಅಧಿಕಾರಿ ಕನ್ನಡಕ ಹಾಕಿಕೊಂಡು ಓದಿದರು, ‘ಹೌದು ರೀ, ಇಲ್ಲ’ ಅಂದರು. ಅಷ್ಟೇ. ಇಬ್ಬರ ಪೂರ್ತಿ ಹೆಸರು ಕೊನೆಯವರೆಗೂ ಯಾರೂ ಹೇಳಲಿಲ್ಲ; ಹೆಸರಿನಿಂದ ಜಾತಿ ಊಹಿಸುವ ಅಭ್ಯಾಸದಲ್ಲಿ ಪರಿಣಿತನಾದ ನನಗೆ ಅದು ಸಿಗಲಿಲ್ಲ.

ಗುಬ್ಬಿಯ ಮೇಷ್ಟ್ರು ಈಗಿಲ್ಲ. ಅವರ ಪುಸ್ತಕಗಳನ್ನು ಮನೆಯವರು ಏನು ಮಾಡುವುದೋ ತಿಳಿಯದೆ ಒಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದರು. ನಾನು ಕೇಳಿದ್ದಕ್ಕೆ ಇಳಿಸಿ ಕೊಟ್ಟರು. ಒಂದು ಪುಸ್ತಕದೊಳಗೆ ಸದಸ್ಯತ್ವದ ಖಾಲಿ ಅರ್ಜಿ ಇತ್ತು, ಯಾರಿಗೋ ಕೊಡಲು ಇಟ್ಟುಕೊಂಡದ್ದಿರಬೇಕು. ಹೆಸರು, ವಿಳಾಸ, ವಯಸ್ಸು, ಉದ್ಯೋಗ, ಸಹಿ. ಎರಡು ಸಲ ತಿರುಗಿಸಿ ನೋಡಿದೆ. ಇನ್ನೊಂದು ಕಾಲಂ ಇರಲೇಬೇಕು ಅನ್ನಿಸಿತು. ಇರಲಿಲ್ಲ.